ಅಯ್ಯನವರ ಎರಡನೆಯ ಬಾಯಿ

ಭಾನುವಾರದ ಆರಾಧನೆಯಲ್ಲಿ ಗುಡುಗುತ್ತಿದ್ದದ್ದು ಅಯ್ಯನವರು, ಆದರೆ ಜನ ಕೇಳಿಸಿಕೊಳ್ಳುತ್ತಿದ್ದದ್ದು ದುಭಾಷಿಯ ಮಾತು. ಎರಡೂ ಒಂದೇ ಅಂತ ಎಲ್ಲರೂ ನಂಬಿದ್ದರು. ಒಂದೇ ಅಲ್ಲ ಅಂತ ಗೊತ್ತಿದ್ದವಳು ಇಡೀ ಸಭೆಯಲ್ಲಿ ಒಬ್ಬಳೇ, ಆ ದುಭಾಷಿ. ಅವಳು ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಅಯ್ಯನವರು ಬೇರೆ ಸೀಮೆಯವರು. ಈ ಊರಿನ ಸಭೆಗೆ ಪಾಲಕರಾಗಿ ಬಂದು ಗಡ್ಡ ನರೆಯುವಷ್ಟು ಕಾಲವಾಗಿದ್ದರೂ ಇಲ್ಲಿಯ ಭಾಷೆಯಲ್ಲಿ ಅವರು ಕಲಿತದ್ದು 'ನೀರು ಕೊಡಿ', 'ಬಿಸಿ ಸಾಲದು', 'ಕೂತ್ಕೊಳ್ಳಿ', ಇಷ್ಟೇ. ಹೆಚ್ಚು ಕಲಿಯುವುದು ತಮ್ಮ ಘನತೆಗೆ ಕಡಿಮೆ ಅಂತ ಅವರ ಎಣಿಕೆ. ತಮ್ಮ ಭಾಷೆಯಲ್ಲಿ ಒಂದು ವಾಕ್ಯ ಗುಡುಗುವರು, ನಿಲ್ಲಿಸಿ ಕತ್ತು ಒರೆಸಿಕೊಳ್ಳುವರು. ಪಕ್ಕದ ಚಿಕ್ಕ ಮೈಕಿನಲ್ಲಿ ದುಭಾಷಿ ಅದನ್ನು ಜನರ ಮಾತಿನಲ್ಲಿ ಹೇಳುವಳು. ಜನ ಆಮೆನ್ ಅನ್ನುವರು. ಆ ಆಮೆನ್ ತಮಗೇ ಬಂದದ್ದು ಅಂತ ಅಯ್ಯನವರು ಗಡ್ಡ ನೀವಿಕೊಳ್ಳುವರು. ಬೆನ್ನ ಹಿಂದೆ ಎಲ್ಲರೂ ಅವರನ್ನು ಗುಡುಗಯ್ಯ ಅಂತಲೇ ಕರೆಯುತ್ತಿದ್ದದ್ದು.

ದುಭಾಷಿಗೆ ಗುಡುಗಯ್ಯನನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಸುಮ್ಮನೆ ಬೇಸರ, ಅಸಮಾಧಾನ ಅಂತೆಲ್ಲ ಮೃದುವಾಗಿ ಹೇಳಿ ಪ್ರಯೋಜನವಿಲ್ಲ. ಅದು ಅಪ್ಪಟ ದ್ವೇಷ. ಆ ಮನುಷ್ಯ ನೀರು ಕುಡಿಯುವಾಗ ಗಂಟಲು ಮೇಲೆ ಕೆಳಗೆ ಹೋಗುವುದನ್ನು ನೋಡಿದರೂ ಅವಳಿಗೆ ಹಲ್ಲು ಕಡಿಯುವಂತಾಗುತ್ತಿತ್ತು.

ವಾರದ ಉಳಿದ ದಿನಗಳಲ್ಲಿ ಅವಳದು ಲಾಂಡ್ರಿ ಅಂಗಡಿ. ಅಕ್ಕ, ತಂಗಿಯಾದ ಇವಳು, ಇಬ್ಬರೂ ಸೇರಿ ನಡೆಸುತ್ತಿದ್ದರು. ಮುಂದೆ ಕೌಂಟರು, ಹಿಂದೆ ಒಗೆಯುವ ಯಂತ್ರಗಳು, ಅವುಗಳ ಎದುರಿಗೆ ಉದ್ದನೆಯ ಇಸ್ತ್ರಿ ಮೇಜು. ಮೇಜಿನ ಮೇಲೆ ಹಾಸಿದ ಕಂಬಳಿಯಲ್ಲಿ ಅಲ್ಲಲ್ಲಿ ಸುಟ್ಟ ಕಂದು ಕಲೆ. ಮೇಲೆ ಅಡ್ಡ ಹಾಕಿದ ಕಬ್ಬಿಣದ ಸಲಾಕೆಗೆ ಪ್ಲಾಸ್ಟಿಕ್ ಹೊದ್ದು ನೇತಾಡುವ ಕೋಟುಗಳು. ಇಸ್ತ್ರಿ ಅಕ್ಕನದು. ಕೌಂಟರು ತಂಗಿಯದು, ಯಾಕೆಂದರೆ ಗುಂಡಿ ಕಿತ್ತುಹೋಯಿತು, ಬಣ್ಣ ಬಿಟ್ಟಿತು ಅಂತ ಜಗಳಕ್ಕೆ ಬರುವ ಗಿರಾಕಿಗಳ ಬಾಯಿ ಮುಚ್ಚಿಸುವುದು ಅಕ್ಕನ ಕೈಲಾಗದ ಕೆಲಸ. ತಂಗಿ ಹರೆಯದಲ್ಲಿ ಗುಡುಗಯ್ಯನ ಸೀಮೆಯ ಹೋಟೆಲೊಂದರ ಲಾಂಡ್ರಿಯಲ್ಲಿ ದುಡಿದು ಬಂದವಳು. ಹಬೆಯಲ್ಲಿ ಬೇಯುತ್ತ, ಮೇಲಿನವರ ಬೈಗುಳ ತಿನ್ನುತ್ತ ಆ ಭಾಷೆ ಕಲಿತಿದ್ದಳು. ಸಭೆಯಲ್ಲಿ ಆ ಭಾಷೆ ಬರುವವರು ಬೇರೆ ಯಾರೂ ಇರಲಿಲ್ಲ. ಹಾಗಾಗಿ ದುಭಾಷಿಯ ಜಾಗ ತಾನಾಗಿ ಅವಳ ಕೊರಳಿಗೆ ಬಿದ್ದಿತ್ತು.

ಮೊದಮೊದಲು ಅವಳು ಗುಡುಗಯ್ಯ ಹೇಳಿದ್ದನ್ನು ಹೇಳಿದ ಹಾಗೇ ಹೇಳುತ್ತಿದ್ದಳು. ಅದು ತಪ್ಪಿದ್ದು ಅಕ್ಕನ ಮಗಳನ್ನು ಹೂಳುವ ದಿನ.

ಮಗುವಿಗೆ ಮುಂದಿನ ಹಾಲುಹಲ್ಲು ಬಿದ್ದು ಹೊಸದು ಇನ್ನೂ ಬಂದಿರಲಿಲ್ಲ. ಜ್ವರ ಬಂತು, ಏರಿತು, ಇಳಿಯಲೇ ಇಲ್ಲ. ಅಕ್ಕ ಮಗುವನ್ನು ಎದೆಗೆ ಅವಚಿಕೊಂಡು ಆಸ್ಪತ್ರೆಗೆ ಓಡಿದಳು. ಉಳಿಯಲಿಲ್ಲ. ಅತ್ತೆ 'ಸರಿಯಾಗಿ ನೋಡ್ಕೊಳ್ಳಲಿಲ್ಲ' ಅಂದಳು. ಗಂಡ ಅನ್ನಿಸಿಕೊಂಡವನು ಸಮಾಧಿಯ ಹತ್ತಿರವೂ ಹೆಂಡತಿಯ ಪಕ್ಕ ನಿಲ್ಲದೆ ದೂರ ನಿಂತ. ಅಗೆದ ಮಣ್ಣಿನ ಗುಡ್ಡೆಯ ಪಕ್ಕ ಗುಡುಗಯ್ಯ ಬಿಳಿಯ ನಿಲುವಂಗಿಯಲ್ಲಿ ಎದೆ ಸೆಟೆಸಿ ನಿಂತು, ಅಕ್ಕನನ್ನೇ ದಿಟ್ಟಿಸಿ, ತಮ್ಮ ಭಾಷೆಯಲ್ಲಿ ಗುಡುಗಿದರು: "ಪ್ರಾರ್ಥನೆಗೆ ನನ್ನ ಹತ್ತಿರ ತರೋದು ಬಿಟ್ಟು ಆಸ್ಪತ್ರೆಗೆ ಓಡಿದಳು. ತಾಯಿಯ ವಿಶ್ವಾಸ ಸಾಲಲಿಲ್ಲ. ಈ ಮಗು ಸತ್ತದ್ದು ಅದಕ್ಕೇ."

ಹೇಳಿ ನಿಲ್ಲಿಸಿ ಕತ್ತು ಒರೆಸಿಕೊಂಡರು. ಈಗ ತಂಗಿಯ ಸರದಿ.

ಅಕ್ಕ ತಲೆಯೆತ್ತಿ ತಂಗಿಯ ಬಾಯನ್ನೇ ನೋಡುತ್ತಿದ್ದಳು. ಕುಣಿಕೆ ಬಿಗಿಯಾಗುವುದಕ್ಕೆ ಕಾದು ನಿಂತವರ ನೋಟ ಅದು. ತಂಗಿಯ ಬಾಯಿಂದ ಮಾತು ತಾನಾಗಿ ಬಂತು: "ಮಗು ಹೋದದ್ದರಲ್ಲಿ ತಾಯಿಯ ತಪ್ಪಿಲ್ಲ. ತಪ್ಪಿದೆ ಅನ್ನುವ ಬಾಯಿ ದೇವರ ಬಾಯಲ್ಲ."

ಜನ ಗದ್ಗದರಾಗಿ ಆಮೆನ್ ಅಂದರು. ಅತ್ತೆ ತಲೆ ತಗ್ಗಿಸಿದಳು. ಅಕ್ಕ ಅಂದು ಮೊದಲ ಸಲ ಬಾಯಿಬಿಟ್ಟು ಅತ್ತಳು. ಗುಡುಗಯ್ಯ ತಮ್ಮ ಮಾತು ನಾಟಿತು ಅಂತ ತೃಪ್ತಿಯಿಂದ ಗಡ್ಡ ನೀವಿಕೊಂಡರು.

ಗಂಡ ಅದೇ ತಿಂಗಳು ಮನೆ ಬಿಟ್ಟು ಹೋದ. ಅಕ್ಕ ತಂಗಿಯ ಜೊತೆ ಬಂದು ನಿಂತಳು, ಆ ಒಂದು ಮಾತನ್ನು ಹಿಡಿದುಕೊಂಡು ಜೀವ ಹಿಡಿದಳು. ಅತ್ತೆಯ ಕಡೆಯವರು ಎದುರಾಗಿ ಮುಖ ತಿರುಗಿಸಿದರೆ, 'ತಪ್ಪಿದೆ ಅನ್ನೋ ಬಾಯಿ ದೇವರ ಬಾಯಲ್ಲ, ಅಯ್ಯನವರೇ ಹೇಳಿದ್ದಾರೆ' ಅಂತ ತನಗೆ ತಾನೇ ಹೇಳಿಕೊಳ್ಳುವಳು. ಅಯ್ಯನವರ ಋಣ ತೀರಿಸುವುದು ಹೇಗೆ ಅಂತ ಯೋಚಿಸಿ, ಪ್ರತಿ ಶನಿವಾರ ಅವರ ನಿಲುವಂಗಿಯನ್ನು ತಾನೇ ಒಗೆದು, ಗಂಜಿ ಹಾಕಿ, ತೋಳಿನ ನೆರಿಗೆ ಒಂದೊಂದನ್ನೂ ಬೆರಳಿನಿಂದ ಕೂರಿಸಿ ಇಸ್ತ್ರಿ ಮಾಡತೊಡಗಿದಳು. ಬೇರೆ ಯಾರನ್ನೂ ಅದನ್ನು ಮುಟ್ಟಗೊಡುತ್ತಿರಲಿಲ್ಲ. ತಂಗಿಗೆ ಆ ನಿಲುವಂಗಿಯನ್ನು ನೋಡಿದರೆ ಕೆಂಡ ಕಂಡಂತಾಗುತ್ತಿತ್ತು. ಆದರೆ ಏನಂತ ಹೇಳುವುದು?

ಒಂದು ಸಲ ತಿದ್ದಿದ ನಾಲಿಗೆ ಸುಮ್ಮನಿರುತ್ತದೆಯೇ? ಬಡವರು ಬಡವರಾಗಿರುವುದು ಪಾಪದ ಫಲ ಅಂತ ಗುಡುಗಯ್ಯ ಅಂದರೆ, ಬಡವರನ್ನು ಹೀಗಳೆಯುವುದು ಪಾಪ ಅಂತ ತಂಗಿ ಹೇಳುವಳು. ವಿಶ್ವಾಸಿಗೆ ಕಾಯಿಲೆಯೇ ಬಾರದು ಅಂತ ಅವರು ಮೇಜು ಗುದ್ದಿದರೆ, ಕಾಯಿಲೆ ಬಿದ್ದವನನ್ನು ದೇವರು ಕೈಬಿಡುವುದಿಲ್ಲ ಅಂತ ಅವಳೂ ಮೈಕು ನಡುಗುವ ಹಾಗೆ ಹೇಳುವಳು. ಇದೆಲ್ಲ ಬರೀ ಕರುಣೆಯಿಂದ ಅಂತ ತಿಳಿಯಬೇಡಿ. ತನ್ನ ಮಾತಿಗೆ ಜನ ಕಣ್ಣೊರೆಸಿಕೊಳ್ಳುವುದು, ಆಮೆನ್ ಅನ್ನುವುದು ಅವಳಿಗೆ ರುಚಿ ಹತ್ತಿತ್ತು. ಗುಡುಗಯ್ಯನ ಗಂಟಲನ್ನು ಬಾಡಿಗೆಗೆ ಹಿಡಿದು ತಾನು ಪ್ರಸಂಗ ಮಾಡುತ್ತಿದ್ದೇನೆ, ಉಪದೇಶ ಕೊಡುತ್ತಿದ್ದೇನೆ ಅಂತ ಒಳಗೊಳಗೇ ಹಿಗ್ಗುತ್ತಿದ್ದಳು.

ಪ್ರತಿ ವರ್ಷ ಒಂದು ಭಾನುವಾರ ಮೇಲಿನ ಸಮಿತಿಯಿಂದ ಪರೀಕ್ಷಕರು ಬರುತ್ತಿದ್ದರು. ಅಯ್ಯನವರುಗಳ ಪ್ರಸಂಗದಲ್ಲಿ ದುರ್ಬೋಧನೆ ನುಸುಳಿದೆಯೇ ಅಂತ ಸೋಸುವುದು ಅವರ ಕೆಲಸ. ಅವರ ಹಿರಿಯನನ್ನು ಎಲ್ಲರೂ ಜರಡಿ ಅಂತ ಕರೆಯುತ್ತಿದ್ದರು. ಒಣಕಲು ಮನುಷ್ಯ, ಬಿಸಿನೀರಿನ ಫ್ಲಾಸ್ಕು ಬಿಟ್ಟು ಕದಲುವವನಲ್ಲ. ಗುಡುಗಯ್ಯನ ಭಾಷೆ ಅವನಿಗೂ ಬಾರದು. ಅದಕ್ಕೆ ಅವನು ಕಂಡುಕೊಂಡ ಉಪಾಯ ಕೇಳಿ: ಗುಡುಗಯ್ಯ ಮಾತಾಡುವಾಗ ಎರಡೂ ಕಿವಿಗೆ ಬೆರಳು ಇಟ್ಟುಕೊಳ್ಳುವುದು, ದುಭಾಷಿ ಬಾಯಿ ತೆರೆದ ಕೂಡಲೇ ಬೆರಳು ತೆಗೆಯುವುದು. ಯಾರಾದರೂ ಯಾಕೆ ಅಂತ ಕೇಳಿದರೆ, "ಸಭೆಯ ಕಿವಿಗೆ ಬಿದ್ದದ್ದೇ ಪ್ರಸಂಗ. ಅರ್ಥವಾಗದ್ದನ್ನ ಕೇಳಿಸ್ಕೊಂಡ್ರೆ ಬರೀ ತಲೆನೋವು" ಅನ್ನುತ್ತಿದ್ದ. ಹೀಗೆ ವರ್ಷ ವರ್ಷವೂ ಕೊನೆಯ ಬೆಂಚಿನಲ್ಲಿ ಕೂತು ಕಿವಿ ಮುಚ್ಚಿ ತೆರೆದು, 'ಬೋಧನೆ ಶುದ್ಧ' ಅಂತ ಬರೆದುಕೊಟ್ಟು ಹೋಗುತ್ತಿದ್ದ. ಆ ಎರಡು ಪದಗಳನ್ನು ಗುಡುಗಯ್ಯ ಕನ್ನಡಿ ಹಾಕಿಸಿ ಗೋಡೆಗೆ ತೂಗುಹಾಕಿದ್ದರು.

ಈ ಸಲದ ಪರೀಕ್ಷೆ ಮಾತ್ರ ಬೇರೆ ಥರದ್ದು ಅಂತ ತಂಗಿಗೆ ಗೊತ್ತಾದದ್ದು ಹಿಂದಿನ ದಿನ ಮಧ್ಯಾಹ್ನ.

ಪ್ರಸಂಗದ ವಿಷಯವನ್ನು ಮುಂಚಿತವಾಗಿ ದುಭಾಷಿಗೆ ತಿಳಿಸುವುದು ವಾಡಿಕೆ. ಗುಡುಗಯ್ಯ ಅಂಗಡಿಗೆ ಬಂದು ಕೌಂಟರಿಗೆ ಹೊಟ್ಟೆ ಆನಿಸಿ ನಿಂತರು. ಅಕ್ಕ ಹಿಂದೆ ಅವರದೇ ನಿಲುವಂಗಿಗೆ ಇಸ್ತ್ರಿ ಹಾಕುತ್ತಿದ್ದವಳು, ಕಂಡ ಕೂಡಲೇ ಮುಖ ಅರಳಿಸಿ ಕೈಮುಗಿದಳು.

"ನಾಳೆ ಯೇಸು ಕಣ್ಣು ಕೊಟ್ಟ ಹುಟ್ಟುಕುರುಡನ ಪ್ರಸಂಗ," ಅಂದರು ಗುಡುಗಯ್ಯ ತಮ್ಮ ಭಾಷೆಯಲ್ಲಿ. "ಆ ಮಗುವನ್ನ ಹೂಳೋ ದಿನ ಹೇಳಿದ್ದನ್ನೇ ಬೆಳೆಸಿ ಹೇಳ್ತೀನಿ. ಚೆನ್ನಾಗಿ ನಾಟಿತ್ತಲ್ಲ ಅವತ್ತು?"

ತಂಗಿ ಕೌಂಟರಿನ ಮೇಲಿದ್ದ ಹ್ಯಾಂಗರನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾಳೆ ಪಾಸಾದ್ರೆ ನಾನು ಇಲ್ಲಿರಲ್ಲ. ಉಪದೇಶಕರ ಶಾಲೆಗೆ ಮುಖ್ಯಸ್ಥನಾಗಿ ಹೋಗ್ತೀನಿ. ಮುಂದೆ ಅಯ್ಯನವರಾಗೋರೆಲ್ಲ ನನ್ನ ಕೈಕೆಳಗೆ ಕಲೀತಾರೆ. ಅಲ್ಲಿ ದುಭಾಷಿ ಬೇಕಾಗಿಲ್ಲ. ನನ್ನ ಭಾಷೆ ಬರೋರನ್ನೇ ತಗೊಳ್ಳೋದು." ಹಾಗೆ ಹೇಳಿ ಇಸ್ತ್ರಿ ಮೇಜಿನ ಕಡೆ ಗದ್ದ ಚಾಚಿದರು. "ಅವಳನ್ನ ನೋಡು. ಎಷ್ಟು ತಗ್ಗಿದ್ದಾಳೆ. ಮಗುವನ್ನ ತಾನೇ ಕೊಂದೆ ಅಂತ ಅವತ್ತು ಒಪ್ಕೊಂಡ್ಳು, ಇವತ್ತಿಗೂ ಪ್ರಾಯಶ್ಚಿತ್ತ ಮಾಡ್ತಿದ್ದಾಳೆ. ನಾಳೆ ಉದಾಹರಣೆಗೆ ಅವಳನ್ನೇ ಎದ್ದು ನಿಲ್ಲಿಸ್ತೀನಿ."

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, "ನನ್ನ ಬಗ್ಗೆ ಏನೋ ಅಂದ್ರಲ್ಲ ಅಯ್ಯನವರು, ಏನಂದ್ರು?" ಅಂದಳು.

"ಇಸ್ತ್ರಿ ಚೆನ್ನಾಗಿದೆ ಅಂದ್ರು."

ಅಕ್ಕ ಹಿಗ್ಗಿ ಹೋದಳು. "ಅಯ್ಯೋ, ಅದೇನು ದೊಡ್ಡದು! ಅವರ ಋಣದ ಮುಂದೆ ಇದೆಷ್ಟರದ್ದು ಅಂತ ಹೇಳೇ."

ತಂಗಿ ಗುಡುಗಯ್ಯನ ಕಡೆ ತಿರುಗಿ, "ನಿಮಗೆ ಒಳ್ಳೇದಾಗಲಿ ಅಂತಿದ್ದಾಳೆ" ಅಂದಳು.

ಗುಡುಗಯ್ಯ ಹೋದ ಮೇಲೆ ಅವಳು ತುಂಬ ಹೊತ್ತು ರಸೀದಿಗಳನ್ನು ಸುಮ್ಮನೆ ಜೋಡಿಸುತ್ತ ಕೂತಳು. ನಾಳೆ ಎಂದಿನಂತೆ ತಿದ್ದಿ ಹೇಳಿದರೆ ಈ ಮನುಷ್ಯ ಪಾಸು. ನಾಳಿದ್ದಿನಿಂದ ಶಾಲೆ ತುಂಬ ಹುಡುಗರು ಇವನ ಮಾತನ್ನು ಇದ್ದ ಹಾಗೇ ಕಲಿತು ಊರೂರಿಗೆ ಹೋಗುತ್ತಾರೆ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮುಂದೆ ನಿಂತು ಗುಡುಗುತ್ತಾರೆ. ಅಲ್ಲೆಲ್ಲ ಅಡ್ಡ ನಿಲ್ಲುವುದಕ್ಕೆ ಅವಳಿಗೆ ಎಷ್ಟು ಬಾಯಿ ಇವೆ? ಇದ್ದದ್ದು ಇದ್ದಂತೆ ಹೇಳಿಬಿಟ್ಟರೆ ಜರಡಿಯಲ್ಲಿ ಇವನು ನಿಲ್ಲುವುದಿಲ್ಲ, ಅಲ್ಲಿಗೆ ಅವನ ಆಟ ಮುಗಿಯಿತು. ಆದರೆ ಮುಂದಿನ ಬೆಂಚಿನಲ್ಲಿ ಅಕ್ಕ ಕೂತಿರುತ್ತಾಳೆ. ಅವಳು ಹಿಡಿದುಕೊಂಡ ಮಾತು ಅಲ್ಲೇ ಕಳಚಿ ಬೀಳುತ್ತದೆ.

"ಅಕ್ಕಾ, ನಾಳೆ ನೀನು ಬರಬೇಡ," ಅಂದಳು. "ಮಂಡಿ ನೋವು ಅಂತಿದ್ದೆಯಲ್ಲ, ಮನೇಲೇ ಇರು."

"ಹುಚ್ಚು ಹಿಡೀತಾ ನಿನಗೆ? ನಾಳೆ ಅಯ್ಯನವರ ಪರೀಕ್ಷೆ. ನಾನು ಇಸ್ತ್ರಿ ಮಾಡಿದ ಅಂಗೀಲಿ ನಿಲ್ತಾರೆ. ತೆವಳ್ಕೊಂಡಾದ್ರೂ ಬರ್ತೀನಿ."

"ಅವನೇನು ದೇವರಾ?"

ಅಕ್ಕ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಅವರನ್ನ ಅವನು ಇವನು ಅಂದ್ರೆ ಬಾಯಿಗೆ ಹಾಕ್ತೀನಿ ನೋಡು. ಇಡೀ ಊರು ನನ್ನ ಕಡೆ ಬೆರಳು ತೋರಿಸ್ತಿದ್ದಾಗ ನನ್ನ ಪರ ನಿಂತವರು ಅವರೊಬ್ಬರೇ. ನೀನೂ ಅವತ್ತು ಬಾಯಿ ಬಿಡಲಿಲ್ಲ. ಅವರು ಹೇಳಿದ್ದನ್ನ ಹೇಳಿದೆ ಅಷ್ಟೇ."

ಅದಕ್ಕೆ ತಂಗಿಯ ಹತ್ತಿರ ಉತ್ತರವಿತ್ತು. ಆದರೆ ಅದನ್ನು ಹೇಳದೆ ರಸೀದಿಗಳನ್ನು ಡ್ರಾಯರಿಗೆ ತುರುಕಿದಳು.

ಭಾನುವಾರ ಆರಾಧನೆಯ ಕೋಣೆ ಕಿಕ್ಕಿರಿದಿತ್ತು. ಕೊನೆಯ ಬೆಂಚಿನಲ್ಲಿ ಜರಡಿ ಫ್ಲಾಸ್ಕನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು, ಪಕ್ಕದಲ್ಲಿ ಇಬ್ಬರು ಸಹಾಯಕರನ್ನು ಕೂರಿಸಿಕೊಂಡು ತಯಾರಾಗಿದ್ದ. ಮುಂದಿನ ಬೆಂಚಿನ ತುದಿಯಲ್ಲಿ ಅಕ್ಕ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ತೊಟ್ಟು, ಅಯ್ಯನವರ ತೋಳಿನ ನೆರಿಗೆ ನೆಟ್ಟಗಿದೆಯೇ ಅಂತ ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ತಂಗಿ ಚಿಕ್ಕ ಮೈಕಿನ ಮುಂದೆ ನಿಂತಳು. ರಾತ್ರಿ ಒಂದು ಲೆಕ್ಕಾಚಾರ ಹಾಕಿಕೊಂಡಿದ್ದಳು: ಬೋಧನೆಯನ್ನು ಇದ್ದಂತೆ ಹೇಳಿ ಇವನನ್ನು ಮುಗಿಸುವುದು, ಅಕ್ಕನ ಮಾತು ಬಂದಾಗ ಮಾತ್ರ ತಿರುಚಿಬಿಡುವುದು. ಎರಡೂ ಕಡೆ ಗೆಲ್ಲಬಹುದು ಅಂತ ಅವಳ ಜಾಣತನ.

ಗುಡುಗಯ್ಯ ಗುಡುಗಿದರು. ಜರಡಿ ಕಿವಿಯಲ್ಲಿ ಬೆರಳಿಟ್ಟುಕೊಂಡ, ತೆಗೆದ. ತಂಗಿ ಹೇಳಿದಳು: "ಮನುಷ್ಯ ಕುರುಡನಾಗಿ ಹುಟ್ಟುವುದು ಯಾಕೆ? ಹೆತ್ತವರ ಪಾಪಕ್ಕೆ."

ಆಮೆನ್ ಬರಲಿಲ್ಲ. ಬೆಂಚುಗಳಲ್ಲಿ ಜನ ಒಬ್ಬರನ್ನೊಬ್ಬರು ನೋಡಿಕೊಂಡರು.

"ಆ ಕುರುಡನ ವಿಷಯದಲ್ಲಿ ಯೇಸು ಹಾಗಲ್ಲ ಅಂದರಲ್ಲ ಅಂತ ಕೇಳುತ್ತೀರಿ. ಅದು ಆ ಒಬ್ಬ ಕುರುಡನಿಗೆ ಮಾತ್ರ. ನಿಮಗೆ ಅನ್ವಯಿಸುವುದಿಲ್ಲ."

ಕೊನೆಯ ಬೆಂಚಿನಲ್ಲಿ ಜರಡಿ ಬೆರಳನ್ನು ಕಿವಿಗೆ ಒಯ್ಯುವುದನ್ನೇ ಮರೆತು ಬಾಯಿ ತೆರೆದು ಕೂತ. ಸಹಾಯಕನೊಬ್ಬ ಗೀಚತೊಡಗಿದ. ಅಕ್ಕನ ಹುಬ್ಬು ಗಂಟಾಯಿತು. 'ಏನೇ ಇದು?' ಅನ್ನುವ ಹಾಗೆ ತಂಗಿಯ ಕಡೆ ಕೈ ತಿರುಗಿಸಿ ಕೇಳಿದಳು. ತಂಗಿ ನೋಡಿಯೂ ನೋಡದವಳ ಹಾಗೆ ಮುಂದುವರಿದಳು. ಒಂದೊಂದು ವಾಕ್ಯವನ್ನೂ ಚಾಚೂ ತಪ್ಪದೆ ಹೇಳಿದಳು. ಸಭೆ ಮೌನವಾದಷ್ಟೂ ಗುಡುಗಯ್ಯನಿಗೆ ಹುರುಪು ಏರಿತು. ತಮ್ಮ ಮಾತು ಎದೆಗೆ ತಾಗಿ ಜನ ಮೂಕರಾಗಿದ್ದಾರೆ ಅಂತ ತಿಳಿದು ಇನ್ನಷ್ಟು ಮೇಜು ಗುದ್ದಿದರು.

ಆಮೇಲೆ ಅಕ್ಕನ ಕಡೆ ಕೈ ಚಾಚಿ, ಎದ್ದೇಳು ಅಂತ ಅಂಗೈ ಮೇಲೆತ್ತಿ ಸನ್ನೆ ಮಾಡಿದರು.

ಅಕ್ಕ ಗಲಿಬಿಲಿಯಾದಳು. ಹುಬ್ಬಿನ ಗಂಟು ಹಾಗೇ ಇತ್ತು, ಆದರೂ ಮುಖದಲ್ಲಿ ನಾಚಿಕೆಯ ನಗು ಮೂಡಿತು. ಬೆಂಚಿನ ತೋಳು ಹಿಡಿದು ಎದ್ದು ನಿಂತಳು. ಇಷ್ಟು ಹೊತ್ತು ಕಠಿಣವಾಗಿ ಮಾತಾಡಿದ್ದು ಈಗ ಆ ಒಳ್ಳೆಯ ಮಾತು ಹೇಳುವುದಕ್ಕೇ ಅಂತ ಅವಳು ತಿಳಿದಿರಬೇಕು. ಸೇರಿದವರೆಲ್ಲರ ಮುಂದೆ ಅಯ್ಯನವರು ಅದನ್ನು ಇನ್ನೊಮ್ಮೆ ಹೇಳಲಿ ಅಂತ ಕಾದು ನಿಂತಳು.

ಗುಡುಗಯ್ಯ ಹೇಳಬೇಕಾದ್ದನ್ನೆಲ್ಲ ಒಂದೇ ಉಸಿರಿಗೆ ಗುಡುಗಿ ಕತ್ತು ಒರೆಸಿಕೊಂಡರು.

ತಂಗಿಯ ನಾಲಿಗೆಯ ತುದಿಯಲ್ಲಿ ತಿರುಚಿದ ಮಾತು ತಯಾರಾಗಿಯೇ ಇತ್ತು. ಆದರೆ ಆ ಬಿಳಿಯ ತೋಳಿನ ನೆರಿಗೆ ಅವಳ ಕಣ್ಣಿಗೆ ಬಿತ್ತು. ಅಕ್ಕ ಬೆರಳು ಸುಟ್ಟುಕೊಂಡು ಕೂರಿಸಿದ ನೆರಿಗೆ. ಅದನ್ನು ತೊಟ್ಟುಕೊಂಡೇ ಇವನು ಅವಳನ್ನು ಎಬ್ಬಿಸಿ ನಿಲ್ಲಿಸಿ ಕೊಲೆಗಾತಿ ಅಂದಿದ್ದ. ಸತ್ಯದ ಮೇಲಿನ ಪ್ರೀತಿಯಿಂದ ತಂಗಿ ಬಾಯಿ ತೆರೆದಳು ಅಂತ ಬರೆದರೆ ಸುಳ್ಳಾಗುತ್ತದೆ. ಅವನನ್ನು ಇಲ್ಲೇ, ಈಗಲೇ, ಎಲ್ಲರ ಮುಂದೆ ಬೆತ್ತಲೆ ಮಾಡಬೇಕು ಅನ್ನುವ ಸಿಟ್ಟು ಒಂದೇ ಆಗ ಅವಳಲ್ಲಿ ಇದ್ದದ್ದು. ಆ ಸಿಟ್ಟಿನಲ್ಲಿ ಅಕ್ಕ ಎದುರಿಗೆ ನಿಂತಿದ್ದಾಳೆ ಅನ್ನುವುದನ್ನೂ ಮರೆತಳು.

"ಇಲ್ಲಿ ನಿಂತಿರುವ ಈ ತಾಯಿಯ ವಿಶ್ವಾಸ ಸಾಲಲಿಲ್ಲ," ಅಂದಳು. "ಮಗು ಸತ್ತದ್ದು ಇವಳಿಂದ. ಹೂಳುವ ದಿನ ಇದನ್ನು ನಾನು ಇವಳ ಮುಖಕ್ಕೇ ಹೇಳಿದೆ. ಇವಳು ತಪ್ಪು ಒಪ್ಪಿಕೊಂಡಳು. ಅಂದಿನಿಂದ ಪ್ರಾಯಶ್ಚಿತ್ತಕ್ಕಾಗಿ ನನ್ನ ಬಟ್ಟೆ ಒಗೆಯುತ್ತಿದ್ದಾಳೆ."

ಎಲ್ಲೋ ಯಾರದೋ ಕೈಯಿಂದ ಹಾಡಿನ ಪುಸ್ತಕ ಕೆಳಗೆ ಬಿತ್ತು. ಅಕ್ಕನ ಮುಖದ ನಗು ಹೋಗುವುದಕ್ಕೂ ಸ್ವಲ್ಪ ಹೊತ್ತು ಹಿಡಿಯಿತು. ಅವಳು ಬೆಂಚು ಬಿಟ್ಟು ವೇದಿಕೆಯ ಹತ್ತಿರ ಬಂದಳು.

"ಅಯ್ಯನವರೇ, ಏನು ಹೇಳ್ತಿದ್ದೀರಿ? ಅವತ್ತು ನೀವೇ ಹೇಳಿದ್ರಲ್ಲ. ತಾಯಿಯ ತಪ್ಪಿಲ್ಲ, ತಪ್ಪಿದೆ ಅನ್ನುವ ಬಾಯಿ ದೇವರ ಬಾಯಲ್ಲ ಅಂತ. ಇಲ್ಲಿರೋರೆಲ್ಲ ಕೇಳಿದ್ದಾರೆ. ಇವತ್ತು ನಿಮ್ಮ ಬಾಯಿಗೆ ಏನಾಯ್ತು?" ಆಮೇಲೆ ತಂಗಿಯ ಕಡೆ ತಿರುಗಿ, "ಇದನ್ನ ಅವರ ಭಾಷೇಲಿ ಹೇಳೇ. ಒಂದು ಅಕ್ಷರ ಬಿಡಬೇಡ" ಅಂದಳು.

ತಂಗಿ ಹೇಳಿದಳು. ಬೇರೆ ದಾರಿ ಇರಲಿಲ್ಲ.

ಗುಡುಗಯ್ಯ ನಕ್ಕರು. "ನಾನಾ? ಅಂಥ ಮಾತು ನನ್ನ ಬಾಯಲ್ಲಿ ಯಾವತ್ತೂ ಬಂದಿಲ್ಲ. ಅವತ್ತು ಹೇಳಿದ್ದೂ ಇದನ್ನೇ, ಇವತ್ತು ಹೇಳ್ತಿರೋದೂ ಇದನ್ನೇ." ಹಾಗೆ ಹೇಳಿ ಅಕ್ಕನ ಕಡೆ ಕೈ ಬೀಸಿ, ತಮಗೆ ಬರುತ್ತಿದ್ದ ಇಲ್ಲಿಯ ಭಾಷೆಯನ್ನು ಬಳಸಿದರು: "ಕೂತ್ಕೊಳ್ಳಿ."

ಅದಕ್ಕೆ ಮುಂಚೆ ಅವರು ಅಂದದ್ದನ್ನು ತಂಗಿಯೇ ಜನರ ಭಾಷೆಯಲ್ಲಿ ಹೇಳಬೇಕಾಯಿತು. ತೊದಲುತ್ತ ಹೇಳಿದಳು.

ಅಕ್ಕ ಕೂರಲಿಲ್ಲ. "ಹಾಗಾದ್ರೆ ಅದನ್ನ ಹೇಳಿದ್ದು ಯಾರು?" ಅಂದಳು.

ಈ ಮಾತನ್ನು ತಂಗಿ ಯಾವ ಭಾಷೆಗೂ ತಿರುಗಿಸಲಿಲ್ಲ. ಸಭೆಯ ಕಣ್ಣುಗಳೆಲ್ಲ ಒಂದೊಂದಾಗಿ ಗುಡುಗಯ್ಯನನ್ನು ಬಿಟ್ಟು ಅವಳ ಮೇಲೆ ಬಂದು ನಿಂತವು. "ನಾನು," ಅಂದಳು. ಮೈಕು ಆ ಒಂದು ಪದವನ್ನು ಕೋಣೆಯ ಮೂಲೆ ಮೂಲೆಗೂ ಒಯ್ದಿತು. ಅಕ್ಕ ಬೆಂಚುಗಳ ನಡುವಿನ ದಾರಿಯಲ್ಲಿ ಬಾಗಿಲಿನ ಕಡೆ ನಡೆದಳು. ನೋಯುವ ಮಂಡಿಯನ್ನು ಎಳೆದುಕೊಂಡು, ಯಾರ ಕೈಯನ್ನೂ ಹಿಡಿಯದೆ ಹೋದಳು.

ತಂಗಿ ಹಿಂದೆಯೇ ಓಡುವುದಕ್ಕೆ ಹೊರಟಳು. ಜರಡಿಯ ಸಹಾಯಕರು ಅವಳನ್ನು ತಡೆದು ವೇದಿಕೆಯ ಹಿಂದಿನ ಕೋಣೆಗೆ ಕರೆದೊಯ್ದರು. ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿದ್ದ ಆ ಇಕ್ಕಟ್ಟಿನಲ್ಲಿ ಗುಡುಗಯ್ಯನೂ ಇದ್ದರು.

ಜರಡಿ ಫ್ಲಾಸ್ಕಿನ ಮುಚ್ಚಳ ಬಿಚ್ಚಿದ, ಕುಡಿಯದೆ ಮುಚ್ಚಿದ. "ಅಮ್ಮಾ, ಹಾಗಾದ್ರೆ ಇಷ್ಟು ವರ್ಷ ನಾನು ಪಾಸು ಮಾಡಿದ್ದು ಯಾರನ್ನ?"

"ನನ್ನನ್ನ."

"ನಿಮಗೆ ಬೋಧನೆ ಮಾಡೋ ಅಧಿಕಾರ ಕೊಟ್ಟೋರು ಯಾರು?"

"ನೀವೇ. ವರ್ಷ ವರ್ಷ ಶುದ್ಧ ಅಂತ ಬರೆದುಕೊಟ್ರಲ್ಲ. ಕಿವಿ ಮುಚ್ಚಿಕೊಂಡು ಪರೀಕ್ಷೆ ಮಾಡಿದ್ದು ನಾನಾ?"

ಜರಡಿಯ ಮುಖ ಕೆಂಪಾಯಿತು. ಅಕ್ಕ ಕೇಳಿದ್ದು, ಈಗ ಜರಡಿಯ ಮುಖ, ಎರಡನ್ನೂ ಕೂಡಿಸಿ ಗುಡುಗಯ್ಯನಿಗೆ ಸಂಗತಿ ಏನೆಂದು ಹೊಳೆಯಿತು. ಮೇಜು ಗುದ್ದಿ ಕೂಗಾಡತೊಡಗಿದರು. ಏನು ಹೇಳುತ್ತಿದ್ದಾರೆ ಅಂತ ಜರಡಿ ಕೇಳಿದ. ಕೋಣೆಯಲ್ಲಿ ಆ ಭಾಷೆ ಬರುತ್ತಿದ್ದವಳು ಆಗಲೂ ಅವಳೊಬ್ಬಳೇ.

"ನನ್ನನ್ನ ಕಳ್ಳಿ ಅಂತಿದ್ದಾರೆ," ಅಂದಳು ತಂಗಿ. "ಹಾವು ಅಂತಿದ್ದಾರೆ. ಈಗ ನಮ್ಮ ಅಮ್ಮನ ಬಗ್ಗೆ ಹೇಳ್ತಿದ್ದಾರೆ. ಅದನ್ನೂ ಹೇಳಲಾ? ಇವತ್ತು ಏನನ್ನೂ ತಿದ್ದಲ್ಲ ನಾನು."

"ಬೇಡ," ಅಂದ ಜರಡಿ. ಗುಡುಗಯ್ಯನ ಶಾಲೆಯ ಹುದ್ದೆ ಅಲ್ಲೇ ಬಿತ್ತು. ಪ್ರಸಂಗ ಮಾಡದಂತೆಯೂ ಪರೀಕ್ಷಕರು ತಡೆದರು. ತಂಗಿಗೂ ಮೈಕಿನ ಹತ್ತಿರ ಸುಳಿಯಬಾರದು ಅಂತ ಕಟ್ಟಪ್ಪಣೆಯಾಯಿತು. "ನಿಮ್ಮ ಬೋಧನೇಲಿ ತಪ್ಪು ಹುಡುಕಿ ಹುಡುಕಿ ನನಗೆ ಸಿಕ್ಕಿರಲಿಲ್ಲ," ಅಂದ ಜರಡಿ, ಅದನ್ನು ಹೇಳುವುದಕ್ಕೆ ಅವನಿಗೆ ಬಹಳ ಕಷ್ಟವಾಗುತ್ತಿತ್ತು. "ಆದ್ರೆ ಸುಳ್ಳಿನ ಬಾಯಲ್ಲಿ ಬಂದ ಸರಿಯಾದ ಬೋಧನೆಗೆ ಏನಂತ ಬರೀಬೇಕು ಅಂತ ನನಗೆ ಗೊತ್ತಿಲ್ಲ."

ಗೆದ್ದೆ ಅಂತ ಅವಳಿಗೆ ಅನ್ನಿಸಬೇಕಾಗಿತ್ತು. ಅನ್ನಿಸಲಿಲ್ಲ. ಅಂಗಡಿಯವರೆಗೂ ಓಡುನಡಿಗೆಯಲ್ಲಿ ಬಂದಳು.

ಭಾನುವಾರ ಅಂಗಡಿಗೆ ರಜೆ, ಆದರೂ ಶಟರು ಅರ್ಧ ಮೇಲಿತ್ತು. ಬಗ್ಗಿ ಒಳಗೆ ಹೋದಳು. ಗುಡುಗಯ್ಯನ ಇನ್ನೊಂದು ನಿಲುವಂಗಿ ಯಂತ್ರದಲ್ಲಿ ಒಗೆದು ಬಿದ್ದಿತ್ತು. ಅಕ್ಕ ಅದನ್ನು ಹೊರಗೆಳೆದು, ಹಿಂಡದೆ, ಒಣಗಿಸದೆ, ನೀರು ಸೋರುತ್ತಿದ್ದ ಹಾಗೇ ಒಂದು ಚೀಲಕ್ಕೆ ತುರುಕುತ್ತಿದ್ದಳು.

"ಇದನ್ನ ಹೀಗೇ ಕೊಟ್ಟು ಬಾ," ಅಂದಳು ಮುಖ ಎತ್ತದೆ. "ಇಸ್ತ್ರಿ ಬೇಕಿದ್ರೆ ಬೇರೆ ಕಡೆ ಮಾಡಿಸ್ಕೊಳ್ಳಲಿ."

"ಅಕ್ಕಾ, ನಾನು ನಿನಗೋಸ್ಕರ..."

"ಬಾಯಿ ಮುಚ್ಚು." ಅಕ್ಕ ಚೀಲವನ್ನು ನೆಲಕ್ಕೆ ಒಗೆದಳು. "ನನ್ನ ಮಗಳನ್ನ ನಾನೇ ಕೊಂದೆ ಅಂದವನ ಅಂಗಿ ತೊಳೆದೆ ನಾನು. ವಾರ ವಾರ. ಅವನು ಒಳಗೊಳಗೇ ನಗ್ತಿದ್ದ. ನೀನು ಪಕ್ಕದಲ್ಲಿ ನಿಂತು ನೋಡ್ತಿದ್ದೆ. ಇಸ್ತ್ರಿ ಚೆನ್ನಾಗಿದೆ ಅಂದ್ರು ಅಂತ ನಿನ್ನೆ ಹೇಳಿದೆಯಲ್ಲ, ನಿಜವಾಗಿ ಏನಂದಿದ್ದ ಅವನು?"

ತಂಗಿ ಹೇಳಿದಳು. ಅಕ್ಕ ಇಸ್ತ್ರಿ ಮೇಜಿಗೆ ಕೈಯೂರಿ ಪೂರ್ತಿ ಕೇಳಿಸಿಕೊಂಡಳು.

"ಅವತ್ತು ನಾನು ಬೇರೇನು ಹೇಳಬೇಕಿತ್ತು?" ಅಂದಳು ತಂಗಿ. ಅವಳಿಗೂ ಸಿಟ್ಟು ಉಕ್ಕಿ ಬಂತು. "ಅವನು ಹೇಳಿದ್ದನ್ನ ಹೇಳಿದ್ರೆ ನೀನು ಅದೇ ಗುಂಡಿಗೆ ಹಾರ್ತಿದ್ದೆ. ನಾನು ಹೇಳಿದ್ದು ಸುಳ್ಳೇನು? ತಪ್ಪು ನಿನ್ನದಲ್ಲ. ನಿಜ ತಾನೇ?"

"ನಿಜವೋ ಸುಳ್ಳೋ ನನಗೇನು ಗೊತ್ತು? ನಿಂದು ಅಂತ ಗೊತ್ತಿದ್ರೆ ನಾನು ಅದನ್ನ ನಂಬ್ತಾನೇ ಇರಲಿಲ್ಲ." ಅಕ್ಕನ ದನಿ ಮೊದಲ ಸಲ ಒಡೆಯಿತು. "ನೀನು ನನ್ನ ತಂಗಿ. ನೀನು ಹಾಗೇ ಅಂತೀಯ. ಒಡಹುಟ್ಟಿದೋರು ಮತ್ತೇನಂತಾರೆ? ದೇವರ ಕಡೆಯಿಂದ ಬಂತು ಅಂತ ಇಟ್ಕೊಂಡಿದ್ದೆ ಕಣೇ ನಾನು. ಈಗ ಅದು ಯಾರ ಮಾತು? ರಾತ್ರಿ ಮಗು ನೆನಪಾದ್ರೆ ನಾನು ಯಾರ ಮಾತು ಹಿಡ್ಕೊಳ್ಳಲಿ?"

ಎರಡು ಭಾಷೆ ಬರುತ್ತಿದ್ದವಳು, ಗಿರಾಕಿಗಳ ಬಾಯಿ ಮುಚ್ಚಿಸುತ್ತಿದ್ದವಳು, ಇಡೀ ಸಭೆಯನ್ನು ಅಳಿಸುತ್ತಿದ್ದವಳು ಕೌಂಟರಿಗೆ ಒರಗಿ ನಿಂತುಬಿಟ್ಟಳು. ಚೀಲದಿಂದ ಸೋರಿದ ನೀರು ಅವಳ ಪಾದದವರೆಗೆ ಬಂತು.

ಅಕ್ಕ ಕಣ್ಣೊರೆಸಿಕೊಂಡು, "ಹೇಳು," ಅಂದಳು.

"ಏನು?"

"ಆ ಮಾತು. ಯಾರದೋ ಅಂಗಿಯ ಹಿಂದೆ ಅಡಗಿಕೊಂಡು ಬೇಡ. ನನ್ನ ಮುಖ ನೋಡಿ, ನಿನ್ನ ಮಾತಾಗಿ ಹೇಳು."

ತಂಗಿ ಹೇಳುವುದಕ್ಕೆ ಹೊರಟು ಎರಡು ಸಲ ನಿಂತಳು. ಕೊನೆಗೆ, "ಮಗು ಹೋಗಿದ್ದು ನಿನ್ನ ತಪ್ಪಿಂದ ಅಲ್ಲ ಅಕ್ಕಾ," ಅಂದಳು. ದೇವರನ್ನು ಅದರಲ್ಲಿ ಸೇರಿಸುವುದಕ್ಕೆ ಅವಳಿಗೆ ಧೈರ್ಯ ಸಾಲಲಿಲ್ಲ.

ಅಕ್ಕ ಮೂಲೆಯಲ್ಲಿದ್ದ ಒರೆಸುವ ಬಟ್ಟೆ ತಂದು ನೆಲದ ನೀರಿನ ಮೇಲೆ ಎಸೆದಳು.

"ಸಾಲದು," ಅಂದಳು. "ನಾಳೆ ಇನ್ನೊಂದು ಸಲ ಹೇಳು."